ಫೋನಿನ ಬೆನ್ನಿಗೆ ಎರಡು ತೂತು

ಐಪಿ ಫೋನನ್ನು, ಅಂದರೆ ಕಂಪ್ಯೂಟರ್ ನೆಟ್‌ವರ್ಕಿನ ಮೇಲೆ ಮಾತಾಡಿಸುವ ಆಫೀಸು ಫೋನನ್ನು, ಬೋರಲು ಹಾಕಿ ನೋಡಿ. ಬೆನ್ನಿಗೆ ಒಂದೇ ಥರದ ಎರಡು ತೂತು. ಒಂದಕ್ಕೆ ಗೋಡೆಯಿಂದ ಬರುವ ವೈರು (ಮಾತೂ ಕರೆಂಟೂ ಬರುವುದು ಇದರಲ್ಲೇ), ಇನ್ನೊಂದಕ್ಕೆ ಕಂಪ್ಯೂಟರಿಗೆ ಹೋಗುವ ವೈರು. ಮೇಜಿಗೊಂದೇ ಕೇಬಲ್ ಸಾಕೆಂದು ಫೋನಿನೊಳಗೇ ಪುಟ್ಟ ಸ್ವಿಚ್ (ನೆಟ್‌ವರ್ಕ್ ವೈರುಗಳನ್ನು ಜೋಡಿಸುವ ಸಾಧನ) ಕೂರಿಸಿದ್ದಾರೆ: ಒಂದೇ ವೈರನ್ನು ಬೇರೆ ಬೇರೆ ನೆಟ್‌ವರ್ಕಾಗಿ ಹಂಚುವುದು ವಿಎಲ್ಯಾನ್; ಮಾತು ಒಂದು ವಿಎಲ್ಯಾನ್‌ನಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ. ಯಾವ ತೂತು ಯಾವುದಕ್ಕೆಂಬ ಗುರುತೂ ಇದೆ. ಬಹಳಷ್ಟು ಮಾದರಿಗಳಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಕಪ್ಪಿನಲ್ಲೇ.

ಗಂಡಾಂತರ ಬರುವುದು ಆಯುಧ ಪೂಜೆಗೆ. ಮೇಜು ಒರೆಸಲು ವೈರೆಲ್ಲ ಕೀಳುತ್ತಾರೆ, ಫೋನಿಗೆ ಕುಂಕುಮ ಹಚ್ಚುತ್ತಾರೆ. ಆಮೇಲೆ ಗೋಡೆಯ ವೈರನ್ನು ಕಂಪ್ಯೂಟರಿನ ತೂತಿಗೆ ಹಾಕಿದರೆ ಪುಣ್ಯ: ಆ ತೂತು ಕರೆಂಟ್ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಫೋನ್ ಎದ್ದೇಳುವುದಿಲ್ಲ, ಅಷ್ಟೇ. ಎರಡು ತೂತಿನ ವೈರನ್ನೂ ಗೋಡೆಗೇ ಚುಚ್ಚಿದರೆ ಮಾತ್ರ ಇಡೀ ಮಹಡಿಯ ನೆಟ್‌ವರ್ಕ್ ಮಲಗುತ್ತದೆ. ಗೋಡೆಯಾಚೆಯ ದೊಡ್ಡ ಸ್ವಿಚ್ಚಿನಿಂದ ಹೊರಟ, ಎಲ್ಲರಿಗೂ ಹೋಗಬೇಕಾದ ಮಾಹಿತಿಯ ತುಣುಕಾದ ಬ್ರಾಡ್‌ಕಾಸ್ಟ್ ಫ್ರೇಮು ಫೋನಿನೊಳಗಿಂದ ಹಾದು ಅದೇ ಸ್ವಿಚ್ಚಿಗೆ ಮರಳಿ, ಮತ್ತೆ ಎಲ್ಲ ಪೋರ್ಟಿಗೂ (ಅದರ ತೂತುಗಳಿಗೂ) ಹರಡುತ್ತದೆ. ಐಪಿ ಪ್ಯಾಕೆಟ್ಟಿಗೆ ಟಿಟಿಎಲ್ ಎಂಬ ಆಯುಷ್ಯವಿದೆ. ಈಥರ್ನೆಟ್ ಫ್ರೇಮು ಚಿರಂಜೀವಿ, ಸುತ್ತುತ್ತಲೇ ಇರುತ್ತದೆ. 'ಸರ್ವರ್ ಡೌನ್' ಎಂಬ ಕೂಗೇಳುತ್ತದೆ. ಸರ್ವರ್ ಪಾಪ ತನ್ನ ಪಾಡಿಗಿದೆ.

ರ‍್ಯಾಕಿನಲ್ಲಿ ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೇ ಹುಚ್ಚೆದ್ದು ಮಿಣುಕುತ್ತಿದ್ದರೆ ಇದೇ ಕಾಯಿಲೆ. ಸ್ವಿಚ್ಚಿನಲ್ಲಿ ಸುತ್ತುದಾರಿ ಕಂಡರೆ ತಡೆಯುವ ಸ್ಪ್ಯಾನಿಂಗ್ ಟ್ರೀ ಚಾಲೂ ಇಟ್ಟು, ಮೇಜಿನ ಕಡೆಯ ಪೋರ್ಟುಗಳಿಗೆ ಬಿಪಿಡಿಯು ಗಾರ್ಡ್ ಹಾಕಿ: ಸ್ಪ್ಯಾನಿಂಗ್ ಟ್ರೀ ಕಳಿಸುವ ಬಿಪಿಡಿಯು ಎಂಬ ಸಂದೇಶ ಆ ಪೋರ್ಟಿಗೆ ಬಂದರೆ ಅದನ್ನು ಮುಚ್ಚುತ್ತದೆ. ಕೆಲವು ಫೋನುಗಳು ಬಿಪಿಡಿಯುವನ್ನೇ ನುಂಗುತ್ತವೆ, ಹಾಗಾಗಿ ಬ್ರಾಡ್‌ಕಾಸ್ಟಿನ ಹೊಳೆಗೆ ಮಿತಿ ಹಾಕುವ ಸ್ಟಾರ್ಮ್ ಕಂಟ್ರೋಲೂ ಇರಲಿ.

ಕರೆಂಟಿನ ಲೆಕ್ಕ ಬೇರೆ. ನೆಟ್‌ವರ್ಕ್ ವೈರಿನಲ್ಲೇ ಕರೆಂಟ್ ಕೊಡುವ 802.3ಎಎಫ್ ಮಾನದಂಡದ ಪ್ರಕಾರ ಪೋರ್ಟಿಗೆ 15.4 ವ್ಯಾಟ್‌ವರೆಗೆ. 48 ಪೋರ್ಟಿನ ಸ್ವಿಚ್ಚಿಗೆ ಒಟ್ಟು 370 ವ್ಯಾಟ್ ಬಜೆಟ್ ಇದ್ದರೆ, ಪೂರ್ತಿ ಬಡಿಸುತ್ತ ಹೋದಾಗ 24ನೇ ಎಲೆಗೇ ಪಾತ್ರೆ ಖಾಲಿ. ಸಾದಾ ಫೋನು ತಿನ್ನುವುದು ನಾಲ್ಕೈದು ವ್ಯಾಟ್, ಬಚಾವ್. ಕ್ಯಾಮೆರಾಗಳನ್ನೂ ಅದೇ ಪಂಕ್ತಿಗೆ ಕೂರಿಸಬೇಡಿ. ಸ್ವಿಚ್ಚಿಗೆ ಯುಪಿಎಸ್ ಇಲ್ಲದಿದ್ದರೆ, ಕರೆಂಟ್ ಹೋಯಿತೆಂದು ಬೆಸ್ಕಾಂನ 1912ಕ್ಕೆ ಹೇಳಲು ಫೋನಿಗೇ ಕರೆಂಟಿರುವುದಿಲ್ಲ.

ಇನ್ನು 'ಹಲೋ, ಕೇಳಿಸ್ತಿದೆಯಾ?' ಪ್ರಕರಣ. ಕರೆ ಜೋಡಿಸುವ ಸಿಪ್ ಸಾಮಾನ್ಯವಾಗಿ 5060ನೇ ಪೋರ್ಟಿನಲ್ಲಿ (ಇದು ತೂತಲ್ಲ, ಸಾಫ್ಟ್‌ವೇರಿನ ಬಾಗಿಲು ಸಂಖ್ಯೆ) ಹೋಗುತ್ತದೆ, ಧ್ವನಿ ಹೊತ್ತ ಆರ್‌ಟಿಪಿ ಬೇರೆಯದೇ ದಾರಿಯಲ್ಲಿ. ನಡುವೆ ರೂಟರಿನ ಸಿಪ್ ಎಎಲ್‌ಜಿ ಎಂಬ ಪರೋಪಕಾರಿ ಸಿಪ್ ಸಂದೇಶದೊಳಗಿನ ವಿಳಾಸ ತಿದ್ದಲು ಹೋಗಿ ಕೆಡಿಸುತ್ತಾನೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಇಲ್ಲವೇ 'ಉತ್ತರ ಮುಟ್ಟಿತು' ಎನ್ನುವ ಎಸಿಕೆ ಸಂದೇಶ ತಲುಪದೆ 32 ಸೆಕೆಂಡಿಗೆ ಕರೆ ಕಟ್. ಆ ಎಎಲ್‌ಜಿಯನ್ನು ಆಫ್ ಮಾಡಿ, ರೂಟರ್ ರೀಸ್ಟಾರ್ಟ್ ಮಾಡಿ, ಒಂದು ನಿಮಿಷ ದಾಟುವಷ್ಟು ಹರಟಿ. 'ಸರಿಹೋಯ್ತು' ಎಂದು ಅರ್ಧ ನಿಮಿಷಕ್ಕೇ ಇಟ್ಟರೆ ಪರೀಕ್ಷೆಯೇ ಆಗಿಲ್ಲ.