ಪಾಲೆ ಮರದ ಹಾಲು ಇನ್ನೂ ನಿಂತಿಲ್ಲ

ಇವತ್ತು ಆಟಿ ಅಮಾವಾಸ್ಯೆ, ತುಳುನಾಡಿನಲ್ಲಿ ಪಾಲೆ ಮರದ ಕೆತ್ತೆಯ (ತೊಗಟೆಯ) ಕಹಿ ಕಷಾಯ ಕುಡಿಯುವ ದಿನ. ಬಾಯಿ ಕಹಿಯಾಗಿದ್ದಕ್ಕೆ ಹೀಗೆ ಬರೆಯುತ್ತಿದ್ದಾಳೆ ಎಂದುಕೊಳ್ಳಬೇಡಿ. ಕಷಾಯ ಇನ್ನೂ ಕುಡಿದಿಲ್ಲ. ಈ ಕಹಿ ಬೇರೆಯದು.

ಬೆಳಗಿನ ಐದು ಗಂಟೆಗೆ ತಮ್ಮನ ಜೊತೆ ಮನೆಯ ಹಿಂದಿನ ಗುಡ್ಡೆ ಹತ್ತಿದೆ. ಅಲ್ಲಿರುವ ಒಂಟಿ ಪಾಲೆ ಮರ ನಿಮ್ಮಲ್ಲಿ ಅರ್ಧ ಜನರಿಗೆ ಪರಿಚಯವಿದೆ, ಏಕೆಂದರೆ ಮನೆಗೆ ಬಂದವರನ್ನೆಲ್ಲ ಅಲ್ಲಿಗೆ ಎಳೆದುಕೊಂಡು ಹೋಗಿ ಎಲೆ ಎಣಿಸಲು ಹಚ್ಚುವುದು ನನ್ನ ಹಳೆಯ ರೋಗ. ನಿನ್ನೆ ಸಂಜೆ ಬೆಳಕಿರುವಾಗಲೇ ತಮ್ಮ ಹೋಗಿ ಮರಕ್ಕೆ ದಾರ ಕಟ್ಟಿ, ಕೆತ್ತೆ ಜಜ್ಜಿ ತೆಗೆಯಲು ಬುಡದಲ್ಲಿ ಒಂದು ಕಲ್ಲು ಇಟ್ಟು ಬಂದಿದ್ದ. ನಮ್ಮ ಅಜ್ಜ ಮಾಡುತ್ತಿದ್ದ ಹಾಗೆಯೇ. ನಾವು ತಲುಪುವಾಗ ದಾರ ಕೆಸರಿನಲ್ಲಿ ಬಿದ್ದಿತ್ತು. ಮೊಣಕಾಲಿನಿಂದ ಎದೆಯೆತ್ತರದವರೆಗೆ ಮರದ ಸುತ್ತ ಒಂದು ಬೆರಳಿನಷ್ಟೂ ಕೆತ್ತೆ ಉಳಿದಿರಲಿಲ್ಲ. ಟಾರ್ಚಿನ ಬೆಳಕಿಗೆ ಬೆಳ್ಳಗೆ ಕಾಣುತ್ತಿತ್ತು, ಚರ್ಮ ಸುಲಿದ ಪ್ರಾಣಿಯ ಹಾಗೆ. ಗಾಯದ ಮೇಲಂಚಿನಿಂದ ಹಾಲು ಮಳೆನೀರಿನೊಂದಿಗೆ ಸೇರಿ ಇಳಿಯುತ್ತಿತ್ತು. ತಮ್ಮ ತಂದ ಕಲ್ಲು ಮಾತ್ರ ಇಟ್ಟಲ್ಲೇ ಇತ್ತು. ಅದನ್ನು ಮುಟ್ಟುವ ಅಗತ್ಯ ಯಾರಿಗೂ ಬಂದಿರಲಿಲ್ಲ.

ಯಾರ ಕೆಲಸವೆಂದು ತಿಳಿಯಲು ಪತ್ತೇದಾರಿ ಬೇಕಾಗಲಿಲ್ಲ. ಉಚಿತ ಕಷಾಯ ವಿತರಣೆಯ ಬ್ಯಾನರ್ ಪೇಟೆಯಲ್ಲಿ ಒಂದು ವಾರದಿಂದ ನೇತಾಡುತ್ತಿದೆ. ಮರದ ಚಿತ್ರ ಅಂಗೈಯಷ್ಟು, ಸಂಘದ ಹುಡುಗರ ಮುಖಗಳು ಆಳೆತ್ತರ. ಅವರಲ್ಲೊಬ್ಬ ನನ್ನ ಹಳೆಯ ವಿದ್ಯಾರ್ಥಿ. ಆರು ಗಂಟೆಗೇ ಫೋನ್ ಮಾಡಿದೆ.

"ಹೌದು ಟೀಚರ್, ನಾವೇ. ಬೆಳಗ್ಗೆ ಮಳೆ ಬಂದರೆ ಕಷ್ಟವೆಂದು ರಾತ್ರಿಯೇ ತೆಗೆದೆವು. ಮುನ್ನೂರು ಜನರಿಗೆ ಆಗಬೇಕಲ್ಲ?"

"ಯಾವುದರಲ್ಲಿ ತೆಗೆದಿರಿ?"

"ಕತ್ತಿಯಲ್ಲಿ ಟೀಚರ್. ಕಲ್ಲಿನಲ್ಲಿ ಕುಟ್ಟುತ್ತ ಕುಳಿತರೆ ನಾಳೆ ರಾತ್ರಿಯಾದರೂ ಮುಗಿಯುವುದುಂಟೋ?"

ಅಪ್ಪಾ, ನಾನು ಹೇಳಬೇಕೆಂದಿದ್ದುದನ್ನು ಅವನೇ ಹೇಳಿಬಿಟ್ಟ! ಮುಗಿಯಬಾರದು ಎಂದೇ ಕಲ್ಲು ಇದ್ದದ್ದು.

ಹಿರಿಯರು ಮಾಡಿದ್ದೆಲ್ಲ ವಿಜ್ಞಾನ ಎಂದು ಎದೆ ತಟ್ಟಿಕೊಳ್ಳುವ ಗುಂಪಿನವಳು ನಾನಲ್ಲ. ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು. ಕಬ್ಬಿಣ ತಾಗಿದರೆ ಮದ್ದಿನ ಗುಣ ಓಡಿಹೋಗುತ್ತದೆ ಎನ್ನುವುದನ್ನೂ, ಇದೊಂದು ದಿನ ಮರದೊಳಗೆ ಸಾವಿರದೊಂದು ಔಷಧ ಬಂದು ಕೂರುತ್ತದೆ ಎನ್ನುವುದನ್ನೂ ನಾನು ನಂಬುವುದಿಲ್ಲ. ಆದರೆ ಕಲ್ಲಿನಿಂದ ಜಜ್ಜಿ ಕೆತ್ತೆ ಎಬ್ಬಿಸಿ ನೋಡಿದ್ದೀರಾ? ಕೈ ನೋಯುತ್ತದೆ. ಹಾಲು ಅಂಟುತ್ತದೆ. ಒಂದು ಮನೆಗೆ ಸಾಕಾಗುವಷ್ಟು, ಅಂಗೈ ಅಗಲದ ತುಂಡು ಬರುವಷ್ಟರಲ್ಲಿ ಸಾಕಪ್ಪಾ ಎನಿಸುತ್ತದೆ. ಅದೇ ಅಳತೆ. ಸೇರು, ಪಾವು ಇದ್ದ ಹಾಗೆ ಮರಕ್ಕೆ ಕಲ್ಲು. ಹಿಂದೆ ಗಂಡಸರು ಬೆತ್ತಲೆಯಾಗಿ ಹೋಗಿ ತರುತ್ತಿದ್ದರು ಎಂದು ಹೇಳಿದರೆ ನನ್ನ ಕ್ಲಾಸಿನ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ನಗಲಿ. ಬೆತ್ತಲೆ ಹೋದವನಿಗೆ ಜೇಬಿಲ್ಲ, ಚೀಲವಿಲ್ಲ, ಎರಡು ಕೈಯಲ್ಲಿ ಎಷ್ಟು ತಂದಾನು? ನಮ್ಮ ಹುಡುಗರು ಗೊಬ್ಬರದ ಚೀಲ ಹಿಡಿದುಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡೇ ಹೋಗಿದ್ದರು. ಮಾನ ಹೋದದ್ದು ಈಗ.

ಆ ದಾರವೂ ಸುಮ್ಮನೆ ಅಲ್ಲ. ಕತ್ತಲಲ್ಲಿ ಮರ ತಪ್ಪಬಾರದು ಎಂದು ಹಗಲಿನಲ್ಲೇ ಗುರುತು ಮಾಡುವುದು. ನಮ್ಮ ಗುಡ್ಡೆಗಳಲ್ಲಿ ಕಾಸರಕವೂ ಧಾರಾಳವಾಗಿ ಉಂಟು. ಅದರಲ್ಲಿರುವುದು ಸ್ಟ್ರಿಕ್ನಿನ್, ಸ್ನಾಯುಗಳನ್ನು ಸೆಟೆಸಿ ಕೊಲ್ಲುವ ವಿಷ. ಪಾಲೆಯ ಎಲೆಗಳು ಗೆಣ್ಣಿನ ಸುತ್ತ ಚಕ್ರದಂತೆ ಕೂತಿರುತ್ತವೆ, ಸಾಮಾನ್ಯವಾಗಿ ಏಳು, ಕೆಲವೊಮ್ಮೆ ಹೆಚ್ಚು ಕಡಿಮೆ. ಸಂಸ್ಕೃತದಲ್ಲಿ ಸಪ್ತಪರ್ಣ ಎಂದದ್ದು ಅದಕ್ಕೇ. ಗೀರಿದರೆ ಬಿಳಿ ಹಾಲು. ಕಾಸರಕದ ಎಲೆಗಳು ಎದುರುಬದುರು ಜೋಡಿ, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ, ಹಾಲಿಲ್ಲ. ರಾತ್ರಿ ಮೊಬೈಲ್ ಬೆಳಕಿನಲ್ಲಿ ಮುನ್ನೂರು ಜನರ ಹೊಟ್ಟೆಗೆ ಹೋಗುವ ಕೆತ್ತೆ ಎಬ್ಬಿಸುವವರು ಇದನ್ನೆಲ್ಲ ನೋಡಿದ್ದರೇ? "ದಾರ ಕಟ್ಟಿತ್ತಲ್ಲ ಟೀಚರ್, ಅದಕ್ಕೇ ಧೈರ್ಯ ಬಂತು" ಎಂದ ಪುಣ್ಯಾತ್ಮ. ನಮ್ಮ ದಾರ ನೋಡಿ ಮರ ಗುರುತಿಸಿ, ನಮ್ಮ ದಾರವನ್ನೇ ಕತ್ತರಿಸಿ! ಇಂತಹ ಬುದ್ಧಿ ಪರೀಕ್ಷೆಯಲ್ಲಿ ಎಂದೂ ತೋರಿಸಿರಲಿಲ್ಲ ಅವನು.

ಪೇಟೆಯವರಿಗೆ ಮರವೂ ಇಲ್ಲ, ಗುಡ್ಡೆಯೂ ಇಲ್ಲ, ಅವರೂ ಸಂಪ್ರದಾಯ ಉಳಿಸಿಕೊಳ್ಳಬೇಡವೇ ಎಂದು ಕೆಳಗೆ ಯಾರಾದರೂ ಬರೆಯುತ್ತೀರಿ, ಗೊತ್ತು. ಉಳಿಸಿಕೊಳ್ಳಲಿ. ಹತ್ತು ಮರಗಳಿಂದ ಹತ್ತು ತುಂಡು ತಂದರೆ ಯಾರು ಬೇಡ ಎಂದರು? ಹತ್ತು ಮರ ಎಲ್ಲಿವೆ ಟೀಚರ್ ಎನ್ನುತ್ತೀರಾ? ಹಾಗಾದರೆ ಇದ್ದ ಒಂದನ್ನು ಸುಲಿದದ್ದು ಯಾವ ಲೆಕ್ಕ? ಕಳೆದ ವರ್ಷ ಇಂಥದ್ದೇ ಒಂದು ಕಡೆ ಅರ್ಧ ತುಂಬಿದ ಲೋಟಗಳು ಕಸದ ಬುಟ್ಟಿಯಲ್ಲಿ ರಾಶಿ ಬಿದ್ದಿದ್ದವು. ಒಂದು ಗುಟುಕು, ಒಂದು ಸೆಲ್ಫಿ, ಥೂ ಕಹಿ. ಮರದ ಜೀವಕ್ಕೆ ಅಷ್ಟು ಬೆಲೆ.

ಕೆತ್ತೆ ಹೋದರೆ ಮತ್ತೆ ಬರುವುದಿಲ್ಲವೇ ಎಂದೂ ಕೇಳಿದ ಅವನು. ಅದೇ ಪಾಠವನ್ನು ಚಿತ್ರ ಬರೆದು ಮಾಡಿದ್ದೆನಲ್ಲ! ಅಂಗೈ ಅಗಲದ ಗಾಯವಾದರೆ ಅಂಚಿನಿಂದ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ಸುತ್ತಲೂ ಉಂಗುರದಂತೆ ತೆಗೆದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯೇ ಇಲ್ಲ. ನೀರು ಏರುವ ದಾರಿ ಒಳಗಿನ ಕಟ್ಟಿಗೆಯಲ್ಲಿರುವುದರಿಂದ ಮರ ಇನ್ನೂ ಕೆಲವು ತಿಂಗಳು ಹಸಿರಾಗಿಯೇ ನಿಂತಿರುತ್ತದೆ. ಅಲ್ಲೇ ಮೋಸ. "ನೋಡಿ ಟೀಚರ್, ಏನೂ ಆಗಲಿಲ್ಲ" ಎಂದು ದೀಪಾವಳಿಗೆ ಬಂದು ಹೇಳುತ್ತಾನೆ. ಆ ಹೊತ್ತಿಗೆ ಕೆಳಗೆ ಬೇರು ಉಪವಾಸ ಬಿದ್ದಿರುತ್ತದೆ.

ಈ ಮರದ ಸಸ್ಯಶಾಸ್ತ್ರೀಯ ಹೆಸರು ಆಲ್ಸ್ಟೋನಿಯಾ ಸ್ಕೊಲಾರಿಸ್. ಹಗುರವಾದ ಅದರ ಹಲಗೆಯಲ್ಲಿ ಶಾಲಾಮಕ್ಕಳ ಬರೆಯುವ ಪಾಟಿ ಮಾಡುತ್ತಿದ್ದುದರಿಂದ ಬಂದ ಹೆಸರು. ಶಾಂತಿನಿಕೇತನದಲ್ಲಿ ಪದವಿ ಪಡೆದವರ ಕೈಗೆ ಇದೇ ಸಪ್ತಪರ್ಣದ ಎಲೆ ಕೊಡುತ್ತಿದ್ದರು. ನನ್ನ ಕೈಯಲ್ಲಿ ಕಲಿತವನು ಕತ್ತಿ ಹಿಡಿದ.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಕತ್ತಿ ಮೊದಲು ಕೊಟ್ಟದ್ದು ನಾನೇ. 2021, ಕೊರೊನಾದ ಎರಡನೇ ಅಲೆ ಇಳಿಯುತ್ತಿದ್ದ ಸಮಯ. ಮಗ ಬೆಂಗಳೂರಿನಲ್ಲಿ ಒಬ್ಬನೇ. ಆಗ ಸರ್ಕಾರ ಹಂಚುತ್ತಿದ್ದ ಆಯುಷ್-64 ಮಾತ್ರೆಯ ಸುದ್ದಿ ಎಲ್ಲ ಕಡೆ. 1980ರಲ್ಲಿ ಮಲೇರಿಯಾಕ್ಕೆಂದು ರೂಪಿಸಿದ್ದು, ಕಟುಕರೋಹಿಣಿ, ಕಿರಾತಕಡ್ಡಿ, ಗಜ್ಜುಗದ ಜೊತೆಗೆ ಅದರಲ್ಲಿರುವ ನಾಲ್ಕನೆಯದು ಸಪ್ತಪರ್ಣದ ಕೆತ್ತೆ ಎಂದು ಓದಿದ್ದೇ ತಡ, ಮೂವತ್ತು ವರ್ಷದ ಜೀವಶಾಸ್ತ್ರವನ್ನು ಅಟ್ಟಕ್ಕೆ ಹಾಕಿದೆ. "ಈ ಸಲ ಜಾಸ್ತಿ ತಾ ಮಾರಾಯ" ಎಂದು ತಮ್ಮನ ಕೈಗೆ ಕತ್ತಿ ಕೊಟ್ಟು ಕಳುಹಿಸಿದೆ. ಒಣಗಿಸಿ, ಪುಡಿ ಮಾಡಿ, ಪಾರ್ಸೆಲ್ ಮಾಡಿದೆ. ಮಗ ಅದನ್ನು ತೆರೆದೇ ಇರಲಿಲ್ಲವೆಂದು ಎರಡು ವರ್ಷದ ನಂತರ ಅವನ ಅಡುಗೆಮನೆ ಗುಡಿಸುವಾಗ ತಿಳಿಯಿತು. ಮರದ ಪೂರ್ವದ ಬದಿಯಲ್ಲಿ ಎರಡು ಅಂಗೈ ಅಗಲದ ಆ ಗಾಯ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಇವತ್ತು ಹುಡುಕಿದೆ. ಈಗ ಅದರ ಗುರುತೂ ಇಲ್ಲ, ಎಲ್ಲವೂ ಒಂದೇ ಗಾಯ.

ಬೆಳಗಾದ ಮೇಲೆ ತಮ್ಮನೂ ನಾನೂ ಸೆಗಣಿ, ಜೇಡಿಮಣ್ಣು ಕಲಸಿ ಮೆತ್ತಿ, ಹಳೆಯ ಸೀರೆ ಸುತ್ತಿ ಬಂದೆವು. ಪ್ರಯೋಜನವಿಲ್ಲವೆಂದು ನನಗೆ ಗೊತ್ತು, ಅವನಿಗೆ ಹೇಳಲಿಲ್ಲ.

ಎಂಟು ಗಂಟೆಗೆ ಆ ಹುಡುಗನೇ ಬಂದು ಗೇಟಿನ ಮೇಲೆ ಒಂದು ಬಾಟಲಿ ಇಟ್ಟು ಹೋಗಿದ್ದಾನೆ. ಓಮ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ, ಬೆಣಚುಕಲ್ಲು ಕಾಯಿಸಿ ಒಗ್ಗರಣೆ ಕೊಟ್ಟಿದ್ದಾರಂತೆ. ಕಲ್ಲು ಅಲ್ಲಿಗೆ ಮಾತ್ರ ನೆನಪಾಯಿತು. ಬಾಟಲಿ ಅಡುಗೆಮನೆಯ ಕಟ್ಟೆಯ ಮೇಲಿದೆ. ಚೆಲ್ಲಲು ಮನಸ್ಸಿಲ್ಲ, ಕುಡಿಯಲು ಗಂಟಲಿಲ್ಲ. ಕಷಾಯದ ಉಷ್ಣ ಇಳಿಯಲಿ ಎಂದು ಮಾಡಿಟ್ಟ ಮೆಂತೆ ಗಂಜಿಯನ್ನು ಮಾತ್ರ, ಕಷಾಯವಿಲ್ಲದೆ, ಎರಡು ಬಟ್ಟಲು ಉಂಡೆ.