ಡಾಕ್ಟರ ಬಳಿ ಹೋಗುವ ಮೊದಲು ಶಾಲೆಯಿಂದ ಒಂದು ಕಾಗದ

"ಮಾಣಿ ಹೇಳಿದ್ ಮಾತು ಕೇಳ್ತ್ನಿಲ್ಲೆ" ಎಂದು ಶಿರಸಿ ಕಡೆಯ ಆಯಿ (ಅಮ್ಮ) ಡಾಕ್ಟರ ಎದುರು ಹೇಳುವಾಗ ಮಾಣಿ (ಹುಡುಗ) ಕುರ್ಚಿಯಲ್ಲಿ ತೆಪ್ಪಗೆ ಕೂತಿರುತ್ತಾನೆ. ಹೊಸ ಜಾಗ, ಹೊಸ ಮುಖ; ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆ-ಆತುರದ ತೊಂದರೆ ಇರುವ ಮಗುವೂ ಅಂಥಲ್ಲಿ ಹತ್ತು ನಿಮಿಷ ಸುಮ್ಮನಿರಬಲ್ಲದು. ಅಷ್ಟು ನೋಡಿ "ದೊಡ್ಡವನಾದ ಮೇಲೆ ಸರಿಹೋಗ್ತಾನೆ" ಎಂದು ಕಳಿಸಿದರೂ ತಪ್ಪು, ಆಯಿಯ ಮಾತೊಂದನ್ನೇ ಹಿಡಿದು ಮಾತ್ರೆ ಬರೆದರೂ ತಪ್ಪು. ನಾನಿರುವ ಇಂಗ್ಲೆಂಡಿನಲ್ಲಿ ಶಾಲೆಯವರು ಬರೆದುಕೊಟ್ಟದ್ದನ್ನು ನೋಡದೆ ಸಾಮಾನ್ಯವಾಗಿ ಈ ತಪಾಸಣೆ ಮುಂದೆ ಹೋಗುವುದಿಲ್ಲ. ಇಲ್ಲಿಂದ ನಮ್ಮೂರಿಗೆ ಒಯ್ಯಬೇಕಾದದ್ದು ಆ ಕಾಗದ.

ಅದು ಯಾಕೆ ಬೇಕು ಅಂದರೆ, ಮನಸ್ಸಿನ ತೊಂದರೆ ಗುರುತಿಸಲು ವೈದ್ಯರು ಬಳಸುವ ಕೈಪಿಡಿ ಡಿಎಸ್‌ಎಂ-5ರಲ್ಲಿ ಗಮನದ ಕೊರತೆಗೆ 9, ಚಡಪಡಿಕೆ ಮತ್ತು ಆತುರಕ್ಕೆ 9 ಲಕ್ಷಣಗಳಿವೆ. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ 6 ಲಕ್ಷಣ ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷದೊಳಗೆ ಶುರುವಾಗಿರಬೇಕು, ಮನೆ-ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು. ಶಾಲೆಯಲ್ಲಿ ಮಾತ್ರ ತೊಂದರೆ ಇದ್ದರೆ ಮೊದಲು ಕಣ್ಣು, ಕಿವಿ, ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ನೋಡಿಸಿ. ಟಾನ್ಸಿಲ್ ಊದಿ ರಾತ್ರಿಯಿಡೀ ಗೊರಕೆ ಹೊಡೆಯುವ ಮಗುವೂ ನಿದ್ದೆಗೆಟ್ಟು ಹಗಲು ಹೀಗೇ ಆಡುತ್ತದೆ. ತರಗತಿಯಲ್ಲೇ ಎಲ್ಲರಿಗಿಂತ ಚಿಕ್ಕ ಮಗುವಿಗೆ ಈ ಹಣೆಪಟ್ಟಿ ಬೇಗ ಅಂಟುತ್ತದೆ. ಅದರ ತುಂಟತನ ಬರೀ ವಯಸ್ಸಿನದೂ ಆಗಿರಬಹುದು.

"ಬುದ್ಧಿವಂತ, ಆದರೆ ಓದಲ್ಲ" ಎಂಬ ಷರಾದಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಅಕ್ಕೋರು (ಟೀಚರು) ಎರಡು ವಾರ, ದಿನಕ್ಕೆ ಬೆಳಿಗ್ಗೆ ಒಂದು ಪೀರಿಯಡ್, ಬಿಸಿಯೂಟದ ನಂತರ ಒಂದು ಪೀರಿಯಡ್ ಗೀಟು ಹಾಕಿಟ್ಟರೆ ಸಾಕು. 40 ನಿಮಿಷದಲ್ಲಿ ಎಷ್ಟು ಸಲ ಎದ್ದ, ಪ್ರಶ್ನೆ ಮುಗಿಯುವ ಮೊದಲೇ ಎಷ್ಟು ಸಲ ಉತ್ತರ ಕೂಗಿದ, ಬೋರ್ಡಿನ 10 ಸಾಲಿನಲ್ಲಿ ಎಷ್ಟು ಬರೆದ. ಪಕ್ಕದಲ್ಲೇ ಅದೇ ವಯಸ್ಸಿನ ಇನ್ನೊಂದು ಮಗುವಿನ ಲೆಕ್ಕವೂ ಇರಲಿ, ಹೆಸರು ಬೇಡ. ನೋಟ್‌ಬುಕ್ಕಿನ ಒಂದು ಪುಟದ ಜೆರಾಕ್ಸ್ ಸೇರಿಸಿ: ಮೊದಲ ಮೂರು ಸಾಲು ದುಂಡಗೆ, ನಾಲ್ಕನೆಯದರಲ್ಲಿ ಒತ್ತಕ್ಷರ ಬಿಟ್ಟುಹೋಗಿದೆ, ಐದನೆಯದು ಅರ್ಧಕ್ಕೇ ನಿಂತಿದೆ, ಅಂಚಿನಲ್ಲಿ ಲಾರಿಯ ಚಿತ್ರ. ಇಂಗ್ಲೆಂಡಿನಲ್ಲಿ ಈ ತಪಾಸಣೆಗೆ ಸರದಿ ಬರಲು ಹಲವೆಡೆ ವರ್ಷಗಟ್ಟಲೆ ಕಾಯಬೇಕು. ನಮ್ಮ ಸಣ್ಣ ಶಾಲೆಯಲ್ಲಿ ಅಕ್ಕೋರಿಗೆ ಮಗುವಿನ ಮನೆಯೂ ಗೊತ್ತು, ಅಜ್ಜನೂ ಗೊತ್ತು. ಆ ತಿಳಿವಳಿಕೆ ಕಾಗದಕ್ಕೆ ಇಳಿಯದಿರುವುದೇ ನನಗೆ ಸಂಕಟ.

ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕಿಟಕಿಯಾಚೆ ನೋಡುತ್ತ ಕೂರುವ ಕೂಸು ಯಾರಿಗೂ ಉಪದ್ರ ಕೊಡುವುದಿಲ್ಲ, ಹಾಗಾಗಿ ಎಷ್ಟೋ ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. "ಪಾಪದ್ದು" ಅನ್ನಿಸಿಕೊಂಡೇ ಹಿಂದೆ ಬೀಳುತ್ತದೆ.

ಚಿಕಿತ್ಸೆ ಅಂದರೆ ಮಾತ್ರೆಯೊಂದೇ ಎಂಬ ಹೆದರಿಕೆ ಬೇಡ. ಇಲ್ಲಿ ಇಂಗ್ಲೆಂಡಿನಲ್ಲಿ 5 ವರ್ಷದೊಳಗಿನವರಿಗೆ ಮೊದಲು ಕೊಡುವುದು ಅಪ್ಪ-ಅಮ್ಮನಿಗೆ ತರಬೇತಿ. ಅದರ ಒಂದು ಪಾಠ ನೋಡಿ. "ಚೀಲ ಒಳಗಿಡು, ಕೈಕಾಲು ತೊಳಿ, ಯೂನಿಫಾರ್ಮ್ ಬಿಚ್ಚಿ ಬಾ" ಎಂದು ಅಡುಗೆಮನೆಯಿಂದ ಕೂಗಿದರೆ ಚೀಲ ಜಗಲಿಯಲ್ಲೇ ಬಿದ್ದಿರುತ್ತದೆ, ಮಗು ಅಂಗಳದಲ್ಲಿರುತ್ತದೆ. ಅದು ಹಟವಲ್ಲ; ಮೂರು ಮಾತು ಒಟ್ಟಿಗೆ ಆ ತಲೆಯಲ್ಲಿ ನಿಲ್ಲುವುದಿಲ್ಲ. ಹತ್ತಿರ ಹೋಗಿ, ಹೆಗಲು ಮುಟ್ಟಿ, ಒಂದೇ ಕೆಲಸ ಹೇಳಿ. ಮುಗಿದ ಕೂಡಲೇ ಶಭಾಸ್ ಅನ್ನಿ, ಆಮೇಲೆ ಎರಡನೆಯದು. ಶಭಾಸ್‌ಗಿರಿ ರಾತ್ರಿಗೆ ತಡೆದಿಟ್ಟರೆ ಕೆಲಸ ಮಾಡುವುದಿಲ್ಲ. ಶಾಲೆಯಲ್ಲಿ ಮುಂದಿನ ಬೆಂಚು, ಅರ್ಧರ್ಧ ಹಂಚಿದ ಲೆಕ್ಕ, ನಡುವೆ ಡಸ್ಟರ್ ತರಲು ಒಂದು ಓಡಾಟ. ಬುದ್ಧಿ ಚುರುಕಾಗಲೆಂದು ಒಂದೆಲಗದ ತಂಬುಳಿ ಉಣ್ಣಲಿ, ಆದರೆ ಅದು ಈ ಚಿಕಿತ್ಸೆಯ ಬದಲಿಗೆ ಆಗದು.

ಇಷ್ಟಾದರೂ ಸಾಲದಾದಾಗ ಮಾತ್ರೆ. ಮಿಥೈಲ್‌ಫೆನಿಡೇಟ್ ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಶುರು, ವಾರಕ್ಕೊಮ್ಮೆ ನೋಡಿ ಏರಿಸುತ್ತಾರೆ. ಸಾದಾ ಮಾತ್ರೆಯ ಕೆಲಸ ಸುಮಾರು 4 ತಾಸು. ಇದು ಹಸಿವು ಕಟ್ಟಿಹಾಕುತ್ತದೆ, ಬಿಸಿಯೂಟದ ತಟ್ಟೆ ಹಾಗೇ ಉಳಿಯುತ್ತದೆ. ಅದಕ್ಕೇ ಮೊದಲು ಹೊಟ್ಟೆತುಂಬ ದೋಸೆ, ಆಮೇಲೆ ಮಾತ್ರೆ. ಸಂಜೆ ಹಸಿವು ಮರಳಿದಾಗ ದೊಡ್ಡ ಊಟ. ಮಧ್ಯಾಹ್ನ ತಡವಾಗಿ ಕೊಟ್ಟರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಎತ್ತರ, ತೂಕ, ನಾಡಿಬಡಿತ, ರಕ್ತದೊತ್ತಡ 6 ತಿಂಗಳಿಗೊಮ್ಮೆಯಾದರೂ ಬರೆದಿಡಬೇಕು. 10 ವರ್ಷದವರೆಗಿನ ಮಕ್ಕಳ ತೂಕ ಇಲ್ಲಿ 3 ತಿಂಗಳಿಗೊಮ್ಮೆ ನೋಡುತ್ತಾರೆ. ನಮ್ಮಲ್ಲಿ ಬಿಟ್ಟುಹೋಗುವುದು ಇದೇ. ಅಟೊಮಾಕ್ಸೆಟಿನ್ ಬೇರೆ ಬಗೆಯದು, ಗುಣ ಕಾಣಲು ವಾರಗಳೇ ಬೇಕು. ನಾಲ್ಕು ದಿನಕ್ಕೆ "ಉಪಯೋಗ ಇಲ್ಲ" ಎಂದು ನಿಲ್ಲಿಸಬೇಡಿ.

ಎಲ್ಲಿ ಶುರು ಮಾಡುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಆರೋಗ್ಯ ನೋಡಲು ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಪಟ್ಟಿಯಲ್ಲೂ ಎಡಿಎಚ್‌ಡಿ ಇದೆ, ಅಕ್ಕೋರ ಕಾಗದ ಅವರಿಗೂ ತೋರಿಸಿ. ಮಿಥೈಲ್‌ಫೆನಿಡೇಟ್ ಷೆಡ್ಯೂಲ್ ಎಕ್ಸ್, ಅಂದರೆ ಕಟ್ಟುನಿಟ್ಟಾಗಿ ಮಾರುವ ಔಷಧಿ, ಚೀಟಿಯ ಎರಡು ಪ್ರತಿ ಬೇಕು, ಎಲ್ಲ ಮೆಡಿಕಲ್ಲಿನಲ್ಲೂ ಸಿಗದು. ಜುಲೈ 2024ರಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತ್ತು. ಮಳೆಗಾಲದಲ್ಲಿ ಹುಬ್ಬಳ್ಳಿಗೋ ಕಾರವಾರಕ್ಕೋ ಹೋಗಿ ಮಾತ್ರೆ ತರುವವರು ಸ್ಟ್ರಿಪ್ಪಿನಲ್ಲಿ ಇನ್ನೂ ಹತ್ತು ಉಳಿದಿರುವಾಗಲೇ ಹೊರಡಬೇಕು.