ಚಮಚದಲ್ಲಿ ಕುಡಿಸೋಕೆ ಯಾರಿಗೂ ಪುರುಸೊತ್ತಿಲ್ಲ

ಈಗಷ್ಟೇ ಮೆಡಿಕಲ್ ಶಾಪ್‌ನಿಂದ ಬಂದೆ. ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಒಬ್ಬ ಅಪ್ಪ ಚಿಕ್ಕ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ಮಗುವಿಗೆ ಜ್ವರ, ರಾತ್ರಿಯಿಂದ ವಾಂತಿ, ಬೆಳಿಗ್ಗೆಯಿಂದ ಭೇದಿಯೂ ಶುರುವಾಗಿದೆಯಂತೆ. "ಓಆರ್‌ಎಸ್ ಕೊಡಿ" ಅಂದರು. ವಾಂತಿ ಭೇದಿಯಲ್ಲಿ ಹೋದ ನೀರು, ಉಪ್ಪು ತುಂಬೋಕೆ ನೀರಲ್ಲಿ ಕಲಸಿ ಕುಡಿಸುವ ಪುಡಿ ಅದು. ಕೌಂಟರ್ ಹುಡುಗ ಫ್ರಿಜ್ ತೆಗೆದು ಕಿತ್ತಳೆ ಹಣ್ಣಿನ ಚಿತ್ರ ಇರುವ ಟೆಟ್ರಾ ಪ್ಯಾಕ್ ಮುಂದಿಟ್ಟ. ನಾನು ಸುಮ್ನಿರಲಾರದೆ "ಪೌಡರ್ ಕೊಡಪ್ಪ" ಅಂದೆ. "ಪೌಡರ್ ಮಕ್ಕಳು ಕುಡಿಯಲ್ಲ ಮೇಡಂ. ಇದಾದ್ರೆ ಒಂದೇ ಸಲಕ್ಕೆ ಖಾಲಿ ಮಾಡ್ತಾರೆ."

ಒಂದೇ ಸಲಕ್ಕೆ! ವಾಂತಿ ಆಗುತ್ತಿರುವ ಮಗುವಿಗೆ!

ಫಾರ್ಮಸಿ ಕೆಲಸ ಬಿಟ್ಟರೂ ಈ ಬಾಯಿ ಹಾಕುವ ಚಟ ನನ್ನನ್ನು ಬಿಟ್ಟಿಲ್ಲ, ನಿಮಗೆಲ್ಲ ಗೊತ್ತೇ ಇದೆ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯೂಎಚ್‌ಒ) ಲೆಕ್ಕದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, ಜೊತೆಗೆ ಒಂದಿಷ್ಟು ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಇರುತ್ತೆ. ಅಷ್ಟೇ. ಆ ಜ್ಯೂಸ್‌ನಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು. ಸಕ್ಕರೆ ಅಷ್ಟು ಜಾಸ್ತಿಯಾದರೆ ಕರುಳು ನೀರು ಹೀರಿಕೊಳ್ಳುವ ಬದಲು ತಾನೇ ನೀರು ಬಿಡುತ್ತೆ. ಭೇದಿ ಇನ್ನೂ ಹೆಚ್ಚಾಗುತ್ತೆ. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಮೇಲೆ ಓಆರ್‌ಎಸ್ ಅನ್ನುವ ಹೆಸರು ಹಾಕಬಾರದು ಅಂತ ಆದೇಶ ಮಾಡಿತು. ಡಬ್ಬಿ ಮೇಲಿನಿಂದ ಹೆಸರು ಹೋಯಿತು. ಕೌಂಟರ್ ಹುಡುಗನ ಬಾಯಲ್ಲಿ ಇನ್ನೂ ಇದೆ.

ಮಾಡಬೇಕಾದ ಕೆಲಸ ಇಷ್ಟೇ ಕಣ್ರೀ. ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂತಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ. 200 ಮಿಲಿ ಅಂತಿದ್ದರೆ 200 ಮಿಲಿಗೆ. ಲೋಟಕ್ಕೆ ಒಂದು ಚಿಟಿಕೆ ಅನ್ನುವ ಅಂದಾಜು ಇಲ್ಲಿ ಬೇಡ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಡಿ. ಆಮೇಲೆ ಟೀ ಚಮಚದಲ್ಲಿ, ಎರಡು ನಿಮಿಷಕ್ಕೊಂದು. ಮಗು ಇನ್ನೂ ಬೇಕು ಅಂತ ಲೋಟಕ್ಕೇ ಕೈ ಹಾಕುತ್ತೆ, ಅಳುತ್ತೆ, ಚಮಚವನ್ನೇ ಕಚ್ಚಿ ಹಿಡಿಯುತ್ತೆ. ಕೊಡಬೇಡಿ. ಈ ಲೆಕ್ಕದಲ್ಲೇ ಗಂಟೆಗೆ 150 ಮಿಲಿ ಹೊಟ್ಟೆಗೆ ಸೇರುತ್ತೆ. ಮೊಲೆಹಾಲು ಕುಡಿಯುವ ಮಗುವಾದರೆ ಹಾಲು ನಿಲ್ಲಿಸಬೇಡಿ.

ಆದರೆ ಇದಕ್ಕೆ ಗಂಟೆಗಟ್ಟಲೆ ಕೂರಬೇಕಲ್ಲ! ಅದಕ್ಕೇ ನಮ್ಮ ಭಾವನ ಫೋನ್ ಬರುತ್ತೆ. "ಸುಮ್ನೆ ಯಾಕೆ ಒದ್ದಾಡ್ತೀಯ, ಕರ್ಕೊಂಡು ಹೋಗಿ ಒಂದು ಗ್ಲೂಕೋಸ್ ಹಾಕಿಸು, ನಾಳೆ ಎದ್ದು ಓಡಾಡ್ತಾಳೆ." ಡ್ರಿಪ್ ಹಾಕದ ಡಾಕ್ಟರ್ ನಮ್ಮ ಜನಕ್ಕೆ ಡಾಕ್ಟರೇ ಅಲ್ಲ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ಡ್ರಿಪ್ ಹಾಕುವ ಸಲೈನ್ ಮುಗಿದುಹೋದಾಗ, ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿ ಇಟ್ಟರು. ಕುಡಿಸಿದ್ದು ಮನೆಯವರೇ. ಕಾಲರಾದಲ್ಲೇ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ನಮಗೆ ಮಾತ್ರ ಸೂಜಿ ಬೇಕು.

"ಹಾಗಾದರೆ ಡ್ರಿಪ್ ಯಾರಿಗೂ ಬೇಡವಾ?" ಅಂತ ಕೇಳುವವರು ಇರುತ್ತೀರಿ. ಬೇಕು ಮಾರಾಯ್ರೇ. ಚಮಚದಲ್ಲಿ ಕೊಟ್ಟದ್ದೂ ನಿಲ್ಲದಿದ್ದರೆ, ಆರೆಂಟು ಗಂಟೆ ಉಚ್ಚೆಯೇ ಹೋಗದಿದ್ದರೆ, ಕಣ್ಣು ಗುಳಿಬಿದ್ದು ಮಗು ಮಂಕಾಗಿದ್ದರೆ, ವಾಂತಿ ಹಸಿರಾಗಿದ್ದರೆ ಅಥವಾ ರಕ್ತ ಕಂಡರೆ, ಕತ್ತು ಬಿಗಿದರೆ, ಫಿಟ್ಸ್ ಬಂದರೆ ನನ್ನ ಪೋಸ್ಟ್ ಓದುತ್ತಾ ಕೂರಬೇಡಿ, ಓಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಅಷ್ಟೇ ಸಾಕು, ಓಡಿ. ಡೆಂಗ್ಯೂ ಕಾಲದಲ್ಲಿ ಜ್ವರ ಇಳಿದ ಮೇಲೆ ಹೊಟ್ಟೆನೋವು, ವಾಂತಿ ಜೋರಾದರೂ ಓಡಿ. ಉಳಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಚಮಚ ಸಾಕು.

ಜ್ವರದ ಸಿರಪ್‌ನಲ್ಲೂ ಇದೇ ಅವಸರ. ಪ್ಯಾರಾಸಿಟಮಾಲ್ ಲೆಕ್ಕ ಮಗುವಿನ ತೂಕದ ಮೇಲೆ, ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ. ಒಂದು ಬಾಟಲಿಯಲ್ಲಿ 5 ಮಿಲಿಗೆ 120 ಇರುತ್ತೆ, ಇನ್ನೊಂದರಲ್ಲಿ 250. ಡ್ರಾಪ್ಸ್‌ನಲ್ಲಿ ಒಂದೇ ಮಿಲಿಗೆ 100! ಪಕ್ಕದ ಮನೆಯವರು "ನಮ್ಮ ಪಾಪುಗೆ ಒಂದು ಮುಚ್ಚಳ ಹಾಕ್ತೀವಿ" ಅಂದರೆ ನೀವೂ ಒಂದು ಮುಚ್ಚಳ ಹಾಕಿಬಿಡೋದಾ?

ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಅಷ್ಟು ಹೊತ್ತಾದರೂ ಯಾರೂ ಮಗುವಿನ ಬಾಯಿಗೆ ಏನೂ ಸುರಿಯಲ್ಲ.

ನಿಜ ಹೇಳಲಾ? ರಾತ್ರಿ ಹೊತ್ತು ನನಗೂ ಧೈರ್ಯ ಇರಲ್ಲ. ಥರ್ಮಾಮೀಟರ್ 103 ತೋರಿಸಿದಾಗ ಓದಿದ್ದೆಲ್ಲ ಮರೆತುಹೋಗುತ್ತೆ. ಯಾರಾದರೂ ಬಂದು ಒಂದು ಸೂಜಿ ಚುಚ್ಚಿ ಇದನ್ನು ನಿಲ್ಲಿಸಿಬಿಡಲಿ ಅನ್ನಿಸುತ್ತೆ. ಹಾಗಾಗಿ ಆ ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಆ ಭಯವನ್ನೇ ತಣ್ಣಗೆ ಮಾಡಿ ಮಾರುವವರನ್ನು ಕಂಡರೆ ಮೈ ಉರಿಯುತ್ತೆ.

ಭಾವ, ಇದನ್ನು ನೀವು ಓದುತ್ತೀರ ಅಂತ ಗೊತ್ತು. ಮುಂದಿನ ಸಲ ಫೋನಲ್ಲಿ ಡ್ರಿಪ್ ಹಾಕಿಸುವ ಬದಲು ಮನೆಗೇ ಬನ್ನಿ. ರಾತ್ರಿ ಎರಡರಿಂದ ನಾಲ್ಕರವರೆಗೆ ಚಮಚ ಹಿಡಿಯುವ ಡ್ಯೂಟಿ ನಿಮ್ಮದು. ಕಾಫಿ ನಾನು ಮಾಡಿಕೊಡ್ತೀನಿ.